ಖಂಡೆ ಪೂಜೆಗೆ ಇಟ್ಟ ಲ್ಯಾಪ್‌ಟಾಪ್

ಪುಣೆಯಲ್ಲಿರುವ ನಮ್ಮ ಕಡೆಯ ಮಂದಿ ಕೊಂಢವಾ ಬಡಾವಣೆಯ ಶೈಲಾಳ ಮನೆಗೆ ಹೋಗುವುದು ಒಂದೇ ಕೆಲಸಕ್ಕೆ. ಮಗಳಿಗೆ ಗಂಡು ಬೇಕು, ಇಲ್ಲವೇ ಮಗನಿಗೆ ಹೆಣ್ಣು ಬೇಕು. ಇನ್ನೂರು ಮನೆತನಗಳ ಹುಡುಗ ಹುಡುಗಿಯರ ಫೋಟೋ, ಫೋನ್ ನಂಬರು, ಮನೆ ವಿಳಾಸ, ಕೆಲಸ ಮಾಡುವ ಆಫೀಸು, ಆಧಾರ್ ಕಾರ್ಡಿನ ನಕಲು, ಎಲ್ಲವೂ ಆಕೆಯ ಲ್ಯಾಪ್‌ಟಾಪಿನಲ್ಲಿ. ದುಡ್ಡು ಮುಟ್ಟದೆ ಮಾಡುವ ಸೇವೆ. ಹಾಗಾಗಿ ಮಂದಿ ಕಣ್ಣು ಮುಚ್ಚಿ ನಂಬಿದ್ದರು.

ಶೈಲಾಳ ನಾದಿನಿ ಸ್ನೇಹಲ್ ಅದೇ ಊರಿನ ಯೆರವಡಾದ ಒಂದು ಕಂಪನಿಯಲ್ಲಿದ್ದಾಳೆ. ಕಂಪ್ಯೂಟರುಗಳ ಸುರಕ್ಷತೆ ನೋಡಿಕೊಳ್ಳುವುದೇ ಅವಳ ಕೆಲಸ. ಮಹಾನವಮಿಗೆ ತವರಿಗೆ ಬಂದವಳು ದೇವರ ಜಗಲಿ ನೋಡಿ ಗಕ್ಕನೆ ನಿಂತಳು. ಅಂದು ಖಂಡೆ ಪೂಜೆ, ಎಂದರೆ ಆಯುಧ ಪೂಜೆ. ಕತ್ತರಿ, ಈಳಿಗೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಲ್ಯಾಪ್‌ಟಾಪಿಗೂ ಚೆಂಡುಹೂವಿನ ಮಾಲೆ. ಅದರ ಮೇಲೆ ಎಲ್ಲ ಮಾಹಿತಿಯ ನಕಲು ಇರುವ ಸಣ್ಣ ಹಾರ್ಡ್ ಡಿಸ್ಕು. ಅದರ ಮೇಲೆ ಪಾಸ್‌ವರ್ಡ್ ಬರೆದಿಟ್ಟ ಡೈರಿ. ಶೈಲಾಳ ಅತ್ತೆ ಕಲ್ಲವ್ವ ಮೂರಕ್ಕೂ ವಿಭೂತಿ ಹಚ್ಚಿದ್ದರು.

"ವೈನಿ, ಮೂರೂ ಒಂದ ಕಡೆ ಯಾಕ ಇಟ್ಟೀರಿ? ನಕಲು ಬ್ಯಾರೆ ಮನಿಯಾಗ ಇರಬೇಕ್ರಿ. ಕೊಡ್ರಿ, ನಾ ಒಯ್ತೀನಿ," ಎಂದಳು ಅತ್ತಿಗೆಗೆ.

"ಪೂಜಾ ಮಾಡಿದ್ದನ್ನ ಬನ್ನಿ ಕೊಡೂ ತನಕ ಎತ್ತಬಾರದವಾ," ಎಂದರು ಕಲ್ಲವ್ವ.

ಶೈಲಾ ನಕ್ಕಳು. "ಹಳೇ ಡಬ್ಬಾ ಅದು. ಚಾಲೂ ಆಗಾಕ ಹತ್ತು ಮಿನಿಟು ಬೇಕು. ಅದನ್ನ ಯಾವ ಕಳ್ಳ ಒಯ್ತಾನ?"

"ಡಬ್ಬಾ ಹೋದ್ರ ಹೋಗ್ಲಿ ವೈನಿ. ಅದರಾಗ ಮಂದಿ ಮನಿ ಹೆಣ್ಮಕ್ಕಳ ವಿಷಯ ಎಲ್ಲಾ ಅದ."

ಶೈಲಾ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆಗೆ ಹೋಳಿಗೆ ಬೇಯಿಸುವ ಅವಸರ.

ಮರುದಿನ ದಸರೆ. ಸಂಜೆ ಎಲ್ಲರೂ ಬನ್ನಿ ಎಲೆ ಕೊಡಲು ಪಕ್ಕದ ಹೌಸಿಂಗ್ ಸೊಸೈಟಿಯ ಮನೆಗಳಿಗೆ ಹೊರಟರು. ಇಲ್ಲೇ ಹೋಗಿ ಬರುವುದು ತಾನೇ ಎಂದು ಹಿಂಬಾಗಿಲಿಗೆ ಬರೀ ಚಿಲಕ ಹಾಕಿದ್ದರು. ಒಂದು ತಾಸಿಗೆ ತಿರುಗಿ ಬಂದರೆ ಆ ಚಿಲಕ ಕಿತ್ತು ನೇತಾಡುತ್ತಿತ್ತು. ದೇವರ ದೀಪ ಹಾಗೇ ಉರಿಯುತ್ತಿತ್ತು. ಕತ್ತರಿ ಇತ್ತು, ಈಳಿಗೆ ಇತ್ತು. ಮಾಲೆ ನೆಲದ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪ್, ಡಿಸ್ಕು, ಡೈರಿ ಮೂರೂ ಇರಲಿಲ್ಲ.

ಶೈಲಾ ಕೂಡಲೇ ನಾದಿನಿಗೆ ಫೋನ್ ಮಾಡಿದಳು. ಹಿಂದಿನ ದಿನವೇ ತನ್ನ ಮನೆಗೆ ಮರಳಿದ್ದ ಸ್ನೇಹಲ್ ಓಡಿ ಬಂದಳು. ತನ್ನ ಫೋನಿನಿಂದಲೇ ಮೊದಲು ಶೈಲಾಳ ಮೇಲ್ ಪಾಸ್‌ವರ್ಡ್ ಬದಲಿಸಿದಳು, ಆಮೇಲೆ ವೈನಿಯನ್ನು ಪೊಲೀಸ್ ಠಾಣೆಗೆ ಕರೆದೊಯ್ದಳು.

"ಲ್ಯಾಪ್‌ಟಾಪಿನ ಸೀರಿಯಲ್ ನಂಬರು ಹೇಳಿ," ಎಂದರು ಪೊಲೀಸರು. ಬಿಲ್ಲಿನ ಮೇಲೆ ಇತ್ತು. ಆ ಬಿಲ್ಲನ್ನು ಶೈಲಾ ಎಂದೋ ರದ್ದಿಗೆ ಹಾಕಿದ್ದಳು.

"ಇರಲಿ ವೈನಿ, ಮೊದಲ ಎಲ್ಲಾ ಮನೆತನಕ್ಕೂ ಫೋನ್ ಮಾಡಿ ಎಚ್ಚರಿಸೂಣು. ನಂಬರು ಎಲ್ಲಿ ಬರದೀರಿ?"

"ಅದರಾಗನ," ಎಂದಳು ಶೈಲಾ.

ಏನು ಹೇಳೋಣ ಇದಕ್ಕೆ? ಎಚ್ಚರಿಸಬೇಕಾದವರ ಪಟ್ಟಿಯನ್ನೂ ಕಳ್ಳನೇ ಒಯ್ದಿದ್ದ. ಆಕೆಯ ಫೋನಿನಲ್ಲಿ ಉಳಿದದ್ದು ಮೂವತ್ತು ನಂಬರು.

ಮೂರನೇ ದಿನ ಸ್ವಾರಗೇಟಿನಿಂದ ಅಂಬಾ ಎಂಬ ಹೆಣ್ಣುಮಗಳು ಮಗಳು ಶರಣ್ಯಾಳನ್ನು ಕರೆದುಕೊಂಡು ಬಂದಳು. ಯಾರೋ ಗುರುತಿಲ್ಲದ ಗಂಡಸು ಹುಡುಗಿಗೆ ಫೋನ್ ಮಾಡಿದ್ದನಂತೆ. ಅವಳ ಮನೆ ಎಷ್ಟನೇ ಮಹಡಿ, ಕೆಲಸ ಯಾವ ಆಫೀಸು, ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿದ್ದ. ಆಮೇಲೆ ಅವಳದೇ ಫೋಟೋ ಕಳಿಸಿದ್ದ.

ಶರಣ್ಯಾ ಕಣ್ಣೆತ್ತದೆ ಹೇಳಿದಳು: "ಕಾಕೂ, ಹಸರ ಸೀರಿದು ಈ ಫೋಟೋ ನಾ ನಿಮ್ಮೊಬ್ಬರಿಗೇ ಕೊಟ್ಟಿದ್ದೆ."

ಶೈಲಾ ಹುಡುಗಿಯ ಕೈ ಹಿಡಿಯಲು ಹೋದಳು, ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅಂದೇ ಅವರನ್ನು ಕರೆದುಕೊಂಡು ಮತ್ತೆ ಠಾಣೆಗೆ ಹೋಗಿ ಆ ಫೋನಿನ ದೂರೂ ಬರೆಸಿದರು. ಭಾನುವಾರ ನಮ್ಮ ಸಮಾಜದವರ ವಾರದ ಪ್ರಾರ್ಥನಾ ಸಭೆಯಲ್ಲಿ ಶೈಲಾ ಎದ್ದು ನಿಂತು, "ತಪ್ಪು ನಂದ ಅದ್ರಿ. ಗುರುತಿಲ್ಲದವರು ಫೋನ್ ಮಾಡಿದ್ರ ಮಾತಾಡಬ್ಯಾಡ್ರಿ. ನಿಮಗ ಗೊತ್ತಿದ್ದವರಿಗೆ ಹೇಳ್ರಿ," ಎಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಮೇಲಿತ್ತು ಎನಿಸಿತು ಆಕೆಗೆ.

ಈಗ ಆಕೆಯ ಹೊಸ ಲ್ಯಾಪ್‌ಟಾಪಿನ ಒಳಗಿನ ಮಾಹಿತಿಗೇ ಬೀಗ ಇದೆ, ಸ್ನೇಹಲ್ ಹಾಕಿಕೊಟ್ಟದ್ದು. ಪಾಸ್‌ವರ್ಡ್ ಗೊತ್ತಿಲ್ಲದವರು ಬಿಚ್ಚಿದರೂ ಏನೂ ಓದಲಾಗದು. ಆಧಾರ್ ನಕಲು ಯಾರಿಂದಲೂ ಪಡೆಯುವುದಿಲ್ಲ. ಇನ್ನೊಂದು ಪ್ರತಿ, ಅದಕ್ಕೂ ಬೀಗ ಹಾಕಿ, ಸ್ನೇಹಲ್‌ಳ ಮನೆಯಲ್ಲಿ ಇಟ್ಟಿದ್ದಾರೆ. ಈ ಸಲದ ಖಂಡೆ ಪೂಜೆಗೆ ಕಲ್ಲವ್ವ ಮಗಳ ಕೈಗೆ ಒಂದು ಮೊಳ ಹೂವು ಕೊಟ್ಟು, "ನಿನ್ನ ಮನಿಯಾಗಿನ ಡಿಸ್ಕಿಗೆ ಅಲ್ಲೇ ಏರಿಸವಾ, ಇಲ್ಲಿಗೆ ತರಬ್ಯಾಡ," ಎಂದರು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಯಾರದೋ ಮಗಳ ಫೋಟೋ ಇದ್ದೀತು, ಯಾರದೋ ಮನೆಯ ವಿಳಾಸ ಇದ್ದೀತು. ಇವತ್ತೇ ಅದಕ್ಕೆ ಬೀಗ ಹಾಕಿಸಿರಿ. ಪಾಸ್‌ವರ್ಡನ್ನು ಅದರ ಪಕ್ಕದಲ್ಲಿ ಬರೆದಿಡಬೇಡಿರಿ. ಒಂದು ನಕಲು ಬೇರೆ ಮನೆಗೆ ಕಳಿಸಿರಿ, ಬಿಲ್ಲು ಜೋಪಾನ ಮಾಡಿರಿ, ಹಿಂಬಾಗಿಲಿಗೂ ಕೀಲಿ ಹಾಕಿರಿ. ಶರಣ್ಯಾ ನಂಬರು ಬದಲಿಸಿದ್ದಾಳೆ, ಆಫೀಸಿಗೆ ಹೋಗುವ ಬಸ್ಸನ್ನೂ ಬದಲಿಸಿದ್ದಾಳೆ. ಶೈಲಾಳ ಮನೆಗೆ ಮಾತ್ರ ಅವಳು ಮತ್ತೆ ಬಂದಿಲ್ಲ.