ಟೇಪು ಸುಳ್ಳು ಹೇಳುತ್ತಾ?

ಟೈಲರಮ್ಮನಿಗೆ ಆರು ತಿಂಗಳು ಮುಗಿಯುತ್ತಾ ಬಂದಿತ್ತು. ಕಾಲು ಊದುತ್ತೆ, ಎದೆ ಉರಿಯುತ್ತೆ, ಮೀನಖಂಡ ಸೆಟೆದುಕೊಳ್ಳುತ್ತೆ, ಸ್ವಲ್ಪ ಮರೆವೂ ಬರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎಲ್ಲವೂ ಹೇಳಿಕಳಿಸಿದ ನೆಂಟರ ಹಾಗೆ ಬಂದು ಕೂತಿದ್ದವು. ಮರೆವೊಂದು ಮಾತ್ರ ಬಂದಿಲ್ಲ ಎಂದು ಆಕೆ ಸಾಧಿಸುತ್ತಿದ್ದಳು. ಬಂದದ್ದೇ ಮರೆತುಹೋಗಿತ್ತೋ ಏನೋ!

ಅವಳ ಜಂಬವೂ ಸುಮ್ಮನೆ ಬಂದದ್ದಲ್ಲ ಅನ್ನಿ. ಗಿರಾಕಿಗಳ ಸೊಂಟ, ತೋಳು, ಭುಜ ಎಲ್ಲದರ ಅಳತೆಯೂ ಅವಳ ನಾಲಿಗೆತುದಿಯಲ್ಲೇ. "ದಪ್ಪ ಆಗಿದೀನಾ?" ಎಂದು ಯಾರಾದರೂ ಅಳುಕಿದರೆ, "ನಾನು ಸುಳ್ಳು ಹೇಳಬಹುದು, ನನ್ನ ಟೇಪು ಹೇಳುತ್ತಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅದು ಹಳೆಯ ಬಟ್ಟೆ ಟೇಪು. ಪ್ರತಿ ಸೋಮವಾರ ಪರದೆಯ ಹಿಂದೆ ಹೋಗಿ ಅದನ್ನೇ ತನ್ನ ಹೊಟ್ಟೆಗೂ ಸುತ್ತಿ ನೋಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹಿಂದೊಮ್ಮೆ ಮೂರನೇ ತಿಂಗಳಲ್ಲೇ ಬಸಿರು ಕೈತಪ್ಪಿತ್ತು. ಈ ಕೂಸು ಬೆಳೆಯುತ್ತಿದೆ ಎಂದು ಟೇಪು ಹೇಳಿದ ಮೇಲೇ ಅವಳಿಗೆ ಜೀವದಲ್ಲಿ ಜೀವ.

ಆ ಸೋಮವಾರ ಟೇಪೇ ನಾಪತ್ತೆ. ಕತ್ತರಿಯ ಡಬ್ಬಿ, ಮಷೀನಿನ ಡ್ರಾಯರು, ಚಿಂದಿಯ ಚೀಲ, ಎಲ್ಲ ಜಾಲಾಡಿದ್ದಾಯಿತು. "ಎಲ್ಲಿಟ್ರಿ ಅತ್ತಿಗೆ?" ಎಂದಳು ಗುಂಡಿ ಹಾಕುತ್ತಿದ್ದ ನಾದಿನಿ.

"ನಾನು ಇಡೋ ಜಾಗದಲ್ಲೇ ಇಟ್ಟಿದೀನಿ. ಟೇಪಿಗೇ ಕಾಲು ಬಂದಿದೆ."

ಕುಣಿಯಲಾರದವಳಿಗೆ ನೆಲ ಡೊಂಕು! ನಾದಿನಿ ನಗು ನುಂಗಿಕೊಂಡು ಎದುರಿನ ಅಂಗಡಿಯಿಂದ ಹೊಸ ಟೇಪು ತಂದಳು.

ಅಂದಿನ ಬೋಣಿ ಅಂಚೆ ಕಚೇರಿಯ ಮೇಡಂ. ಕೋಟು ಹೊಲಿಸಬೇಕಿತ್ತು. ಅವರ ಸೊಂಟ ನಲವತ್ತು, ಟೈಲರಮ್ಮನಿಗೆ ಬಾಯಿಪಾಠ. ಹೊಸ ಟೇಪಿನಲ್ಲಿ ಮೂವತ್ತೆಂಟು! ಮೇಡಂ ಹಿಗ್ಗಿ ಹೀರೇಕಾಯಿಯಾದರು. "ನೋಡಿದ್ಯೇನಮ್ಮ? ಎರಡು ತಿಂಗಳಿಂದ ಸಕ್ಕರೆ ಮುಟ್ಟಿಲ್ಲ ನಾನು!" ಎನ್ನುತ್ತಾ ಕನ್ನಡಿಯ ಮುಂದೆ ಹಿಂದುಮುಂದಾಗಿ ತಿರುಗಿದರು.

ಅವರು ತಿರುಗುತ್ತಿರುವಾಗಲೇ ಟೈಲರಮ್ಮ ಪರದೆಯ ಹಿಂದೆ ಹೋಗಿ ತನ್ನ ಹೊಟ್ಟೆಗೆ ಟೇಪು ಸುತ್ತಿದಳು. ಹೋದ ವಾರಕ್ಕಿಂತ ಕಡಿಮೆ. ಬಿಚ್ಚಿ ಮತ್ತೆ ಸುತ್ತಿದಳು. ಅಷ್ಟೇ. ಬೆಳಗಿನಿಂದ ಕೂಸು ಒದ್ದದ್ದೂ ನೆನಪಿಗೆ ಬರಲಿಲ್ಲ. ಇಡೀ ಬೆಳಿಗ್ಗೆ ಮಷೀನು ತುಳಿದವಳಿಗೆ ಒದ್ದದ್ದು ಗೊತ್ತಾಗುವುದಾದರೂ ಹೇಗೆ? ಆದರೆ ಹೆದರಿದವಳಿಗೆ ಅದೆಲ್ಲ ಹೊಳೆಯುತ್ತದೆಯೇ?

"ಕಡಿಮೆ ಆಗಿದೆ ಕಣೇ," ಎಂದು ಪರದೆ ಸರಿಸಿ ಬಂದಳು. "ಮಗು ಕಡಿಮೆ ಆಗಿದೆ."

ನಾದಿನಿ ಸೂಜಿ ಬಿಸಾಕಿ ಎದ್ದಳು. "ಮಲಗಿ ಮೊದಲು, ಎಡಗಡೆಗೆ. ಡಾಕ್ಟರಿಗೆ ಫೋನ್ ಮಾಡ್ತೀನಿ." ಬಟ್ಟೆ ಕತ್ತರಿಸುವ ಮೇಜನ್ನೇ ಖಾಲಿ ಮಾಡಿದರು. ಮೇಡಂ ತಮ್ಮ ತೆಳುಸೊಂಟ ಮರೆತು ತಲೆದಿಂಬಿಗೆ ಕೋಟಿನ ಬಟ್ಟೆ ಮಡಚಿ ಕೊಟ್ಟರು. ಉಸಿರಾಡಲು ಸಲೀಸಾಗಲಿ ಎಂದು ನಾದಿನಿ ಲಂಗದ ಕಟ್ಟು ಸಡಿಲಿಸಹೋದವಳು ಹಾಗೇ ನಿಂತಳು.

"ಅತ್ತಿಗೆ, ಇದೇನಿದು?"

ಕೊಕ್ಕೆ ಹಿಡಿಯದ ಲಂಗಕ್ಕೆ ಬೆಳಿಗ್ಗೆ ಲಾಡಿಯಾಗಿ ಬಿಗಿದದ್ದು ಹಳೆಯ ಟೇಪು! ಹೊಟ್ಟೆಯ ಕೆಳಗಿನ ಲೋಕ ಟೈಲರಮ್ಮನಿಗೆ ಕಾಣದೆ ಎಷ್ಟೋ ವಾರವಾಗಿತ್ತು. ನಾದಿನಿ ಎರಡೂ ಟೇಪುಗಳನ್ನು ಅಕ್ಕಪಕ್ಕ ಹಿಡಿದಳು. ಹಳೆಯದು ಮೂರು ಇಂಚು ಗಿಡ್ಡ.

"ಹೋದ ವರ್ಷ ಲಂಗದ ಜೇಬಲ್ಲೇ ಬಿಟ್ಟು ಬಿಸಿನೀರಲ್ಲಿ ಕುದಿಸಿದ್ರಲ್ಲ, ಆಗ್ಲೇ ಇದು ಕುಗ್ಗಿದೆ; ಅಂದಿನಿಂದ ಎಲ್ಲಾನೂ ಜಾಸ್ತಿ ತೋರಿಸ್ತಿದೆ. ಮೈ ಅಳೆದಿದ್ದೂ ಇದ್ರಲ್ಲೇ, ಬಟ್ಟೆ ಅಳೆದಿದ್ದೂ ಇದ್ರಲ್ಲೇ. ಇನ್ನು ಗೊತ್ತಾಗೋದು ಯಾರಿಗೆ?"

"ಹಾಗಾದ್ರೆ ನಾನು..." ಎಂದರು ಮೇಡಂ ಮೆಲ್ಲಗೆ.

"ಇದ್ದಷ್ಟೇ ಇದೀರ ಮೇಡಂ."

ನಾದಿನಿ ನಕ್ಕಳು. ಟೈಲರಮ್ಮನಿಗೆ ಮಾತ್ರ ನಗಲಾಗಲಿಲ್ಲ. ಟೇಪಿನ ಲೆಕ್ಕವೇನೋ ಸರಿಹೋಯಿತು. ಕೂಸು ಇನ್ನೂ ಮಾತಾಡಿರಲಿಲ್ಲ. ಊರಿಗೆಲ್ಲ ಅಳತೆ ಹೇಳುವ ಜಾಣೆ ನಾನು, ನನ್ನ ಹೊಟ್ಟೆಯೊಳಗಿನದು ಒಂದಿಂಚೂ ಗೊತ್ತಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ನಾದಿನಿ ಹಳೆಯ ಟೇಪನ್ನು ಅವಳ ಹೊಟ್ಟೆಯ ಮೇಲೆ ಬಿಟ್ಟು ಫೋನಿಗೆ ಕೈ ಹಾಕಿದಳು. ಮಷೀನು ನಿಂತ ಅಂಗಡಿಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು.

ಆಗ ಹೊಟ್ಟೆಯ ಮೇಲೆ ಬಿದ್ದಿದ್ದ ಹಳೆಯ ಟೇಪು ಜಿಗಿಯಿತು. ತಡೆದು ಇನ್ನೊಮ್ಮೆ ಜಿಗಿದು, ಜಾರಿ ನೆಲಕ್ಕೆ ಬಿತ್ತು.

"ಅಯ್ಯೋ ಕಳ್ಳ ಮುಂಡೇದೇ, ನಿದ್ದೆ ಮಾಡ್ತಿದ್ಯಾ!" ಎಂದು ಟೈಲರಮ್ಮ ಗಳಗಳನೆ ಅತ್ತುಬಿಟ್ಟಳು.

ಮೇಡಂ ಕೈ ಇಟ್ಟು ನೋಡಿದರು. ಅಂಗೈಗೇ ಬಿತ್ತು ಒದೆ. ಅವರ ಕಣ್ಣೂ ತುಂಬಿಬಂತು.

"ಹೋಗ್ಲಿ ಬಿಡಮ್ಮ," ಎಂದರು, "ನನ್ನ ಆ ಎರಡು ಇಂಚೂ ಇದಕ್ಕೇ ಇರಲಿ."