ರಕ್ಷಾಳ ಕೊನೆಯ ಕಂತು

ಬೆಳ್ಳಗಿದೆ, ತೀರಾ ಬೆಳ್ಳಗಿದೆ, ಜಾಲಿ ಬೇಲಿಯ ಮೇಲೆ ಹರವಿದ ಆ ತುಂಡು ಪಂಚೆ ಹತ್ತು ಗಂಟೆಯ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿದೆ, ಹೊರಗಾದ ಹೆಂಗಸಿನ ಬಟ್ಟೆ ಮೂರನೆಯ ದಿನ ಹೀಗಿರುವುದುಂಟೇ, ಎಷ್ಟು ಉಜ್ಜಿದರೂ ಒಂದು ಮೂಲೆಯಲ್ಲಾದರೂ ಕಂದು ಕಲೆ ಉಳಿಯಬೇಕಲ್ಲ ಎಂದುಕೊಳ್ಳುತ್ತಾ ಧನಲಕ್ಷ್ಮಿ ಹಿತ್ತಲ ಶೀಟಿನ ಕೋಣೆಯ ಬಾಗಿಲಲ್ಲಿ ಕುಳಿತಿದ್ದಾಳೆ, ಮೊಬೈಲು ತೊಡೆಯ ಮೇಲೆ, ಅದರಲ್ಲಿ ಅವಳು ಬರೆಯುವ ಧಾರಾವಾಹಿಯ ನಲವತ್ತನಾಲ್ಕನೆಯ ಕಂತು, ಕೊನೆಯದು, ನಿನ್ನೆಯಿಂದ ಒಂದೇ ವಾಕ್ಯಕ್ಕೆ ನಿಂತುಬಿಟ್ಟಿದೆ — ಚೇತನನ ತಾಯಿ ಹೊಸ್ತಿಲ ಒಳಗೆ ನಿಂತು ರಕ್ಷಾಳನ್ನು ನೋಡಿದರು, ಆಮೇಲೆ — ಆಮೇಲೆ ಏನು, ಕರೆಯುತ್ತಾರೋ ಬಾಗಿಲು ಹಾಕುತ್ತಾರೋ, ಬರೆಯುವವಳಿಗೇ ಗೊತ್ತಿಲ್ಲ, ಬರೆಯುವವಳ ಕಣ್ಣೆಲ್ಲ ಬೇಲಿಯ ಮೇಲೆ. ನಿನ್ನೆ ಅತ್ತೆ ಗಂಗರತ್ನಮ್ಮ ತೊಟ್ಟಿಯಿಂದ ಚೊಂಬಿನಲ್ಲಿ ಮೊಗೆದು ಮೇಲಿನಿಂದ ನೀರು ಹೊಯ್ದರು, ಹೊರಗಾದವಳು ತೊಟ್ಟಿ ಮುಟ್ಟುವಂತಿಲ್ಲವಲ್ಲ, ಇವಳು ಕಲ್ಲಿನ ಮೇಲೆ ಬಟ್ಟೆ ಕುಕ್ಕಿದಳು, ನೀರು ಬಾಳೆಯ ಬುಡಕ್ಕೆ ಹರಿಯಿತು, ತಿಳಿಯಾಗಿ ಹರಿಯಿತು, ಕುಡಿಯಬಹುದಾದಷ್ಟು ತಿಳಿ, ಅತ್ತೆಯ ಕಣ್ಣು ಆ ನೀರಿನ ಜೊತೆಯೇ ಬಾಳೆಯ ಬುಡದವರೆಗೆ ಹೋಗಿ ವಾಪಸ್ಸು ಬಂತು, ಚೊಂಬು ಬೋರಲು ಹಾಕಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು, ಆ ಕಣ್ಣು ಇವಳ ಹೊಟ್ಟೆಯ ಮೇಲೂ ಒಮ್ಮೆ ಹರಿದಿತ್ತೇ, ಹೊಟ್ಟೆ, ಹೌದು, ಅಲ್ಲೇ ಇರುವುದಲ್ಲವೇ ಎಲ್ಲ ತಂಟೆ, ಕಳೆದ ವಾರ ಆಶಾ ಕಾರ್ಯಕರ್ತೆ ದಾಸಮ್ಮ ಕೊಟ್ಟ ಬಸಿರು ಪರೀಕ್ಷೆಯ ಕಡ್ಡಿಯ ಮೇಲೆ ಎರಡು ಗೆರೆ ಮೂಡಿದವು, ಮದುವೆಯಾದ ಮೂರು ವರ್ಷಕ್ಕೆ ಮೊದಲ ಸಲ, ದಾಸಮ್ಮ ಅವಳ ಗಲ್ಲ ಹಿಂಡಿದಳು, ಗಂಗರತ್ನಕ್ಕಂಗೆ ಈಗ್ಲೇ ಹೇಳ್ಬುಡ್ಲಾ ಎಂದಳು, ಬ್ಯಾಡ ದಾಸಕ್ಕ, ಒಂದೆಲ್ಡು ವಾರ ಸುಮ್ಕಿರು, ನಾನೇ ಹೇಳ್ತೀನಿ ಎಂದಳು ಇವಳು, ಹೇಳಲಿಲ್ಲ, ಶುಕ್ರವಾರ ಬೆಳಿಗ್ಗೆ ಎದ್ದು ಚಾಪೆ ಸುತ್ತಿಕೊಂಡು ಅತ್ತೆ ನಾನು ಹೊರಗಾದೆ ಎಂದಳು.

ಯಾಕೆ ಅಂದಳು, ಯಾರಾದರೂ ಕೇಳಿದರೆ ಏನು ಹೇಳುವುದು, ಒಬ್ಬ ರಕ್ತಪಿಶಾಚಿಗಾಗಿ ಎನ್ನುವುದೇ, ನಗುತ್ತಾರೆ, ನಗದಿದ್ದರೆ ಶಿರಾಕ್ಕೆ ಕರೆದುಕೊಂಡು ಹೋಗಿ ತಲೆಗೆ ಮದ್ದು ಕೊಡಿಸುತ್ತಾರೆ. ತಿಂಗಳಿಗೆ ಮೂರು ದಿನ, ಕಸ ಇಲ್ಲ, ಮುಸುರೆ ಇಲ್ಲ, ಹಸುವಿನ ಸಗಣಿ ಇಲ್ಲ, ಯಾರೂ ಹತ್ತಿರ ಸುಳಿಯುವುದಿಲ್ಲ, ತಟ್ಟೆಯನ್ನೂ ಮಾರು ದೂರದಲ್ಲಿ ಇಟ್ಟು ಹೋಗುತ್ತಾರೆ, ಎಲ್ಲ ಸೊಸೆಯರೂ ಶಪಿಸುವ ಈ ಕೋಣೆಯಲ್ಲಿ, ಕಡಲೆಕಾಯಿ ಮೂಟೆಗಳ ಮಧ್ಯೆ, ಅವಳು ರಕ್ಷಾಳನ್ನು ಹುಟ್ಟಿಸಿದ್ದು. ಮಧುಗಿರಿ ಬೆಟ್ಟದ ಮೇಲಿನ ಹಳೇ ಕಣಜದಲ್ಲಿ ಮುನ್ನೂರು ವರ್ಷದಿಂದ ಇರುವ ರಕ್ಷಾ, ಬಿಸಿಲು ಬಿದ್ದರೆ ಸುಟ್ಟುಹೋಗುವ ರಕ್ಷಾ, ಪ್ರೀತಿಸಿದ್ದಾದರೂ ಯಾರನ್ನು, ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಹಗಲೆಲ್ಲ ಬಿಸಿಲಲ್ಲೇ ದುಡಿಯುವ ಚೇತನ್ ಕುಮಾರನನ್ನು — ಅದು ಹೊಳೆದ ದಿನ ಧನಲಕ್ಷ್ಮಿ ಒಬ್ಬಳೇ ಮೂಟೆಗೊರಗಿ ಎಷ್ಟು ನಕ್ಕಿದ್ದಳು, ಗಂಡ ಹಾಲೇಶ ಬಲಸಮುದ್ರದ ಹತ್ತಿರ ಅಂಥದ್ದೇ ಸೋಲಾರ್ ಪ್ಯಾನೆಲ್ ತೊಳೆಯುವವನು, ಅವನ ಸುಟ್ಟ ಕತ್ತು, ಅವನ ಮೈಯ ಬಿಸಿಲು ವಾಸನೆ, ಎಲ್ಲ ಹಾಗೆ ಹಾಗೇ ಚೇತನನಿಗೆ ಕೊಟ್ಟಳು, ಆ ಕತ್ತಿನ ಹತ್ತಿರ ಬಾಯಿ ತಂದು ತಂದು ರಕ್ಷಾ ನಲವತ್ತಮೂರು ಕಂತು ಕಚ್ಚದೆ ಉಳಿದಳು. ಆರು ಸಾವಿರ ಜನ ಓದುತ್ತಾರೆ, ಬರೆಯುವವಳು ಯಾರೆಂದು ಒಬ್ಬರಿಗೂ ಗೊತ್ತಿಲ್ಲ, ಕಥೆಯ ಆ್ಯಪಿನಲ್ಲಿ ಅವಳ ಹೆಸರು ಬೆಟ್ಟದ ಹುಡುಗಿ, ಕೊರಟಗೆರೆಯ ಹರ್ಷಿತಾ ಎನ್ನುವವಳು ಬರೆಯುತ್ತಾಳೆ, ಅಕ್ಕ ರಕ್ಷಾನ ಮನುಷ್ಯಳನ್ನ ಮಾಡಿ ತಾಳಿ ಕಟ್ಟಿಸಬೇಡಿ ಪ್ಲೀಸ್, ಅವಳು ಹೆಂಗಿದಾಳೋ ಹಂಗೇ ಒಳಗೆ ಕರೀಲಿ. ಒಳಗೆ ಕರೆಯಬೇಕು, ಅದೇ ನಿಯಮ, ಇಂಥ ಕಥೆಗಳಲ್ಲೆಲ್ಲ ಇದೆ, ಮನೆಯವರು ಬಾ ಎನ್ನುವವರೆಗೆ ರಕ್ತಪಿಶಾಚಿ ಹೊಸ್ತಿಲು ದಾಟುವಂತಿಲ್ಲ, ಅದನ್ನು ಮೊದಲು ಓದಿದಾಗ ಧನಲಕ್ಷ್ಮಿಗೆ ಹೊಸದೇನೂ ಅನ್ನಿಸಲಿಲ್ಲ, ಇದು ನಮ್ಮನೆ ಕಥೆಯೇ ಅಲ್ಲವೇ ಅಂದುಕೊಂಡಳು. ಬಸುರಿ ಎಂದು ಗೊತ್ತಾದರೆ ಇನ್ನು ಎಲ್ಲಿಯ ಹೊರಗೆ, ಒಂಬತ್ತು ತಿಂಗಳು ಕಣ್ಣೆದುರಿಗೇ ಕೂರಿಸಿಕೊಳ್ಳುತ್ತಾರೆ, ಆಮೇಲೆ ಬಾಣಂತನ, ಆಮೇಲೆ ಮಗು, ಆಮೇಲೆ ಬೆಟ್ಟದ ಹುಡುಗಿ ಎಲ್ಲಿ, ರಕ್ಷಾ ಹೊಸ್ತಿಲ ಹೊರಗೇ ನಿಂತಿರುತ್ತಾಳೆ ಎಂದೆಂದಿಗೂ, ಇಲ್ಲ, ಕೊನೆಯ ಮೂರು ದಿನ ನನಗೆ ಬೇಕು, ಮೂರೇ ದಿನ, ಯಾರ ಗಂಟು ಹೋಗುತ್ತದೆ. ಲೆಕ್ಕವನ್ನೂ ಹಾಕಿದ್ದಳು, ಹೆಡ್ಡಿಯಲ್ಲ ಅವಳು, ಶಿವರಾತ್ರಿಗೆ ಬಂದು ನಾಲ್ಕು ದಿನ ಇದ್ದು ಹೋದ ಹಾಲೇಶ ಬರುವ ಶನಿವಾರ ಮತ್ತೆ ಬರುತ್ತಾನೆ, ಅವನು ಬಂದು ಹೋದಮೇಲೆ ಹದಿನೈದು ದಿನ ಬಿಟ್ಟು ಹೇಳಿದರಾಯಿತು, ದಾಸಮ್ಮನ ಕೈಕಾಲು ಹಿಡಿದರಾಯಿತು, ಹೆರಿಗೆ ಮೂರು ನಾಲ್ಕು ವಾರ ಮುಂಚೆ ಆದರೆ ಯಾರು ಕೇಳುತ್ತಾರೆ.

ಆದರೆ ಬಟ್ಟೆ ಬೆಳ್ಳಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಅತ್ತೆ ಚೊಂಬು ಹಿಡಿದು ಬರುತ್ತಾರೆ, ಮೂರನೆಯ ದಿನದ ಕೊನೆಯ ಒಗೆತ, ಇವತ್ತೂ ನೀರು ತಿಳಿಯಾಗಿ ಹೋದರೆ ಸುಮ್ಮನಿರುತ್ತಾರೆಯೇ ಆ ಹೆಂಗಸು, ಹಾಲಿಗೆ ನೀರು ಬೆರೆಸಿದ್ದನ್ನು ಕಣ್ಣಲ್ಲೇ ಅಳೆಯುವವರು. ಎದ್ದಳು, ಬೇಲಿಯ ಹತ್ತಿರ ಹೋದಳು, ರಾತ್ರಿಯೆಲ್ಲ ಮುದ್ದೆಯಾಗಿ ಬಿದ್ದು ಈಗಷ್ಟೇ ಬೇಲಿಗೆ ಬಂದ ಬಟ್ಟೆ ಇನ್ನೂ ಹಸಿ, ಅದರ ಕೆಳಗೇ ಜಾಲಿ ಮುಳ್ಳು, ಬೆರಳುದ್ದದ್ದು, ತುದಿ ಕಪ್ಪು. ನಲವತ್ತಮೂರು ಕಂತಿನಲ್ಲಿ ಎಷ್ಟು ರಕ್ತ ಹರಿಸಿಲ್ಲ ಇದೇ ಬೆರಳು, ಕೋಟೆಯ ಮೆಟ್ಟಿಲ ಮೇಲೆ, ಹುಣ್ಣಿಮೆಯಲ್ಲಿ, ಲೈಕುಗಳು ಸುರಿಯುವ ಹಾಗೆ, ಒಂದು ಹನಿಗೆ ಯಾಕೆ ಇಷ್ಟು ಹೆದರಿಕೆ, ಚುಚ್ಚು, ಕಣ್ಣು ಮುಚ್ಚಿ ಚುಚ್ಚು — ಚುಚ್ಚಿಕೊಂಡಳು, ಅಮ್ಮಾ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಟ್ಟೆಯ ನಡುಮಧ್ಯಕ್ಕೆ ತೊಡೆದಳು, ಕೆಂಪು ಒದ್ದೆಯಲ್ಲಿ ಅಗಲವಾಯಿತು, ನಾಲ್ಕಾಣೆಯಷ್ಟು, ಎಂಟಾಣೆಯಷ್ಟು, ಎಷ್ಟು ನಿಜವಾಗಿದೆ, ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟು ಬೆರಳನ್ನು ಬಾಯಿಗಿಟ್ಟುಕೊಂಡಳು, ಉಪ್ಪುಪ್ಪು, ರಕ್ಷಾಗೆ ಇದೇ ಏನೋ ಅಷ್ಟು ರುಚಿ. ಮೊಬೈಲು ಗುಂಯ್ ಅಂತು. ಹಾಲೇಶ. ರಜಾ ಕ್ಯಾನ್ಸಲ್ ಕಣೇ, ಬ್ಯಾಸ್ಗೆ ಅಂತ ಪ್ಯಾನೆಲ್ ತೊಳ್ಯೋ ಕೆಲ್ಸ ಜಾಸ್ತಿ, ಯುಗಾದಿಗೂ ಬುಡಲ್ವಂತೆ, ಇನ್ನ ಮೇ ತಿಂಗ್ಳಿಗೇ ಬರೋದು, ಬೇಜಾರ್ ಮಾಡ್ಕಬ್ಯಾಡ. ಮೇ, ಅಂದರೆ ಎರಡು ತಿಂಗಳು, ಎರಡು ಸಲ ಓದಿದಳು, ಮೂರನೆಯ ಸಲ ಓದುತ್ತಾ ಬೆರಳು ಮಡಿಚಿ ವಾರ ಎಣಿಸಿದಳು, ಶುಕ್ರವಾರದಿಂದ ನಾನು ಹೊರಗೆ ಕೂತಿದ್ದನ್ನು ಇಡೀ ಬೀದಿ ನೋಡಿದೆ, ಗಂಡ ಊರು ಬಿಟ್ಟು ಮೂರು ವಾರವಾಗಿದೆ, ಮೇ ತನಕ ಬರುವುದಿಲ್ಲ, ಹಾಗಾದರೆ ಮಧ್ಯದಲ್ಲಿ ನಿಂತ ಈ ಬಸಿರು ಯಾರದು, ಯಾರದಮ್ಮ ಎಂದು ಕೇಳುವುದಿಲ್ಲವೇ, ಹಾಲೇಶನೇ ಕೇಳುವುದಿಲ್ಲವೇ, ದಾಸಮ್ಮನ ಕಡ್ಡಿಯ ಮಾತನ್ನು ಆಗ ಯಾರು ನಂಬುತ್ತಾರೆ, ನನ್ನ ಬಾಯಿಂದ ನಾನೇ ಅಲ್ಲವೇ ಹೇಳಿದ್ದು ಹೊರಗಾದೆ ಅಂತ, ಸಾಕ್ಷಿಗೆ ಬಟ್ಟೆಯನ್ನೂ ಬೇರೆ ತಯಾರು ಮಾಡಿಕೊಂಡೆ, ಶಭಾಷ್ ಧನಲಕ್ಷ್ಮಿ. ಈಗಲೇ ಹೇಳಬೇಕು, ಸುಳ್ಳು ಎಂದು ಒಪ್ಪಿಕೊಳ್ಳಬೇಕು, ಬೈಯಲಿ, ಹೊಡೆಯಲಿ, ಮೊದಲು ಇದು ಹೋಗಬೇಕು, ಬಟ್ಟೆಯನ್ನು ಬೇಲಿಯಿಂದ ಕಿತ್ತು ತೊಟ್ಟಿಯ ಹತ್ತಿರ ಓಡಿದಳು, ಒಂದು ಬೊಗಸೆ ನೀರು ಸಾಕು, ಕೈ ಚಾಚಿದಳು, ಕೈ ನಿಂತಿತು — ತೊಟ್ಟಿ ಮುಟ್ಟಬಾರದು — ಅಯ್ಯೋ ಮಂಕೇ, ನೀನು ಹೊರಗಾಗಿಯೇ ಇಲ್ಲವಲ್ಲೇ, ಅದ್ದು ಕೈಯನ್ನು, ಮೈಲಿಗೆ ಎಲ್ಲಿದೆ ನಿನ್ನಲ್ಲಿ, ಗೊತ್ತು, ಎಲ್ಲ ಗೊತ್ತು, ಆದರೂ ಕೈ ನೀರಿನ ಮೇಲೆ ಗೇಣು ದೂರದಲ್ಲೇ ನಿಂತಿದೆ, ಹದಿಮೂರನೆಯ ವಯಸ್ಸಿನಿಂದ ಕಲಿತ ಕೈ ಅದು, ಇಳಿಯುತ್ತಿಲ್ಲ.

ಧನಲಕ್ಷ್ಮೀ, ಅತ್ತೆಯ ದನಿ, ಹಿಂದಿನ ಬಾಗಿಲಲ್ಲಿ, ಚೊಂಬಿಲ್ಲ ಕೈಯಲ್ಲಿ, ಬಟ್ಟೆಯನ್ನು ಬೆನ್ನ ಹಿಂದೆ ಮಾಡಿಕೊಂಡಳು, ಅತ್ತೆ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ತಟ್ಟೆ ಇಡುವ ಕಲ್ಲನ್ನು ದಾಟಿದರು, ಬಂದೇ ಬಂದರು, ಅವಳ ರಟ್ಟೆಯನ್ನು ಹಿಡಿದರು, ಮುಟ್ಟಿದರು, ಅಳುತ್ತಿದ್ದಾರೆ, ನಗುತ್ತಿದ್ದಾರೆ, ಡೇರಿತಾವ ದಾಸಮ್ಮ ಸಿಕ್ಕಿದ್ಲು ಕಣಮ್ಮ, ತಡ್ಕಳಾಕಾಗ್ದೆ ಹೇಳ್ಬುಟ್ಲು, ನಿನ್ನೆ ನೀರು ನೋಡ್ದಾಗ್ಲೇ ನಂಗೆ ಅನುಮಾನ, ಮೂರು ವರ್ಸಕ್ಕೆ ದೇವ್ರು ಕಣ್ಬುಟ್ನಲ್ಲಮ್ಮ, ಯಾಕಮ್ಮ ಅಂಗೆ ಸುಳ್ಳೇಳ್ದೆ, ಸುಸ್ತಾಗೈತೆ ಅಂದಿದ್ರೆ ನಾನೇನು ನಿನ್ ಕೈಲಿ ಮುಸುರೆ ತಿಕ್ಕಿಸ್ತಿದ್ನಾ, ಇರ್ಲಿ ಬುಡು, ಬಸ್ರಿ ಹೆಂಗ್ಸು ಈ ಕಾದ ಶೀಟಿನ್ ಕೆಳ್ಗೆ ಕೂರ್ಬಾರ್ದು, ಬಾ, ಒಳಕ್ಕೆ ಬಾ. ಒಳಕ್ಕೆ ಬಾ, ನಲವತ್ತಮೂರು ಕಂತು ಕಾದ ಮಾತು, ಇಷ್ಟು ಸಲೀಸಾಗಿ, ಈ ಅತ್ತೆಯನ್ನು ಇಷ್ಟು ದಿನ ನಾನು ನೋಡಿಯೇ ಇರಲಿಲ್ಲವೇ, ಎಲ್ಲ ಸರಿಹೋಯಿತು, ಬಟ್ಟೆಯೊಂದನ್ನು ಮುದುರಿ ಬಾಳೆಯ ಬುಡಕ್ಕೆ ಎಸೆದರೆ — ಅದೇನಮ್ಮ ಹಿಂದ್ಕೆ ಹಿಡ್ಕಂಡಿದ್ದೀಯ, ತಾ ಇಲ್ಲಿ, ನೀನು ಒಗೀಬ್ಯಾಡ ಇನ್ನ, ಎಂದು ಅತ್ತೆ ಕೈ ಹಾಕಿ ಎಳೆದುಕೊಂಡರು, ಬಿಡಿಸಿದರು. ಅಳುವುದು ನಿಂತಿತು, ನಗುವುದು ನಿಂತಿತು. ಹೋಯ್ತಾ, ಎಂದರು ಗಂಗರತ್ನಮ್ಮ, ಉಸಿರಿನಷ್ಟು ಸಣ್ಣಗೆ, ಬಸ್ರು ಹೋಯ್ತಾ ಮಗೀ. ಬೆರಳು ಅತ್ತೆ, ಮುಳ್ಳು, ನಾನೇ, ಮೂರು ಮಾತು ಸಾಕು, ಬೆರಳೆತ್ತಿ ತೋರಿಸಿದರೂ ಸಾಕು, ಆದರೆ ಬಾಯಲ್ಲಿ ಚೀಪಿದ ಬೆರಳಿನಲ್ಲಿ ಗಾಯವೇ ಕಾಣುತ್ತಿಲ್ಲ, ಒಂದು ಚುಕ್ಕೆಯೂ ಇಲ್ಲ, ಹೊರಗಾದೆ ಎಂದು ಸುಳ್ಳು ಹೇಳಿದ ಬಾಯಿ ಈಗ ಮುಳ್ಳು ಎಂದರೆ ಯಾರು ನಂಬುತ್ತಾರೆ, ಅತ್ತೆಯ ಎರಡೂ ಕೈ ಚಾಚಿಕೊಂಡೇ ಇವೆ, ಅವುಗಳ ಮಧ್ಯೆ ಬಟ್ಟೆ, ಬೆಳ್ಳಗಿನ ಬಟ್ಟೆ, ಅದರ ನಡುವೆ ಕೆಂಪು, ಒದ್ದೆಯಲ್ಲಿ ಇನ್ನೂ ಅಗಲವಾಗುತ್ತಾ, ಕೆಂಪು, ಬೆಳ್ಳಗಿನ ಬಟ್ಟೆಯ ಮೇಲೆ