ಇಟ್ಟಿಗೆ ಎಸೆದ ಕೈ

"ಭಾವ, ಬಾಯಿ ಮುಚ್ಚಿಕೊಂಡು ಎಸೀರಿ. ದಮ್ಮಯ್ಯ ಅಂತೀನಿ," ಎಂದು ಮೇಸ್ತ್ರಿ ಬೇಸ್‌ಬಾಲ್ ಮೈದಾನದ ಅಂಚಿನಿಂದಲೇ ಕೈಮುಗಿದ.

ಅವನ ಅಕ್ಕನ ಗಂಡ ಉದ್ದಣ್ಣ ಚೆಂಡು ಹಿಡಿದು ತಲೆಯಾಡಿಸಿದ. ತಲೆಯಾಡಿಸುವುದೇನೋ ಸುಲಭ. ಆದರೆ ಅದು ವರ್ಷಗಟ್ಟಲೆ ಕಟ್ಟಡದ ಬುಡದಲ್ಲಿ ನಿಂತು ಮೇಲಿನ ಅಟ್ಟಣೆಗೆ ಇಟ್ಟಿಗೆ ಎಸೆದ ಕೈ. ಎಸೆಯುವ ಮೊದಲು ಅವನು 'ಬಂತು' ಎಂದು ಕೂಗಬೇಕು, ಮೇಲೆ ನಿಂತ ಹೆಂಡತಿ 'ಹೂಂ' ಎನ್ನಬೇಕು, ಆಮೇಲೆಯೇ ಇಟ್ಟಿಗೆ ಕೈ ಬಿಡಬೇಕು. ಇಲ್ಲದಿದ್ದರೆ ಯಾರದಾದರೂ ತಲೆ ಒಡೆದೀತು.

ಇಟ್ಟಿಗೆ ಎಸೆಯುವವನಿಗೆ ಚೆಂಡು ಯಾವ ಲೆಕ್ಕ ಎಂದುಕೊಂಡು ಮೇಸ್ತ್ರಿ ಅವನನ್ನು ತಂಡಕ್ಕೆ ಚೆಂಡು ಎಸೆಯುವ ಪಿಚರ್ ಮಾಡಿದ್ದ. ಕಾಲೆತ್ತುವುದು, ಭುಜ ತಿರುಗಿಸುವುದು, ಕೊನೆಗೆ ಮಣಿಕಟ್ಟು ಜಾಡಿಸುವುದು, ಎಲ್ಲವನ್ನೂ ಬೆವರು ಸುರಿಸಿ ಕಲಿಸಿದ್ದ. ಉದ್ದಣ್ಣ ಎಲ್ಲವನ್ನೂ ಕಲಿತ, ಬಾಯಿ ಮುಚ್ಚುವುದೊಂದನ್ನು ಬಿಟ್ಟು. ಎಸೆತ ಎಸೆತಕ್ಕೂ 'ಬಂತು' ಎಂದು ಮುನ್ಸೂಚನೆ ಕೊಟ್ಟು, ಹಿಡಿಯುವವರ ಕೈ ನೋಯದಂತೆ ಮೆತ್ತಗೆ ಕಳಿಸುತ್ತಿದ್ದ. ಎದುರಿನ ಬಣ್ಣ ಬಳಿಯುವವರ ತಂಡಕ್ಕೆ ಇನ್ನೇನು ಬೇಕು? ಕರೆದು ಕೊಟ್ಟದ್ದನ್ನೆಲ್ಲ ಬೇಲಿಯಾಚೆ ಅಟ್ಟಿ ಹಲ್ಲು ಕಿರಿಯುತ್ತಿದ್ದರು.

ನಿಜ ಹೇಳಬೇಕೆಂದರೆ ಉದ್ದಣ್ಣನಿಗೆ ಸೋಲಿನ ಚಿಂತೆ ಇರಲಿಲ್ಲ. ಹೆಂಡತಿ ಮಾತು ಬಿಟ್ಟಿದ್ದಳು, ಅದೇ ಅವನ ಸಂಕಟ. ತಂಡ ಕಟ್ಟಿದ ದಿನ ಯಾರೋ ಅವಳ ಹೆಸರು ಎತ್ತಿದಾಗ ಈ ಮಹರಾಯ ನಕ್ಕು, ಚೆಂಡು ಹಿಡಿಯೋದು ಅವಳ ಕೈಲಾಗೋ ಕೆಲಸ ಅಲ್ಲ ಎಂದುಬಿಟ್ಟಿದ್ದ. ಅವನು ಎಸೆದ ಇಟ್ಟಿಗೆಗಳನ್ನು ಅಷ್ಟು ವರ್ಷ ಹಿಡಿದವಳು ಅಟ್ಟಣೆಯ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಅಂದಿನಿಂದ ಕೆಲಸದಲ್ಲಿ 'ಹೂಂ' ಇಲ್ಲ, ಅಟ್ಟಣೆಯ ಕಂಬಕ್ಕೆ ಗಾರೆ ಮೆತ್ತುವ ಕರಣೆಯಿಂದ ಟಣ್ ಎಂದು ಬಡಿಯುತ್ತಿದ್ದಳು. ಮನೆಯಲ್ಲಿ ಊಟಕ್ಕೆ ಕರೆಯಲು ತಟ್ಟೆಯೇ ಮಾತಾಡುತ್ತಿತ್ತು. ಉದ್ದಣ್ಣನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಈಗ ಅವನು ತುಟಿ ಕಚ್ಚಿ, ಉಸಿರು ಕಟ್ಟಿ ಎಸೆದ. ಚೆಂಡು ಯಾವ ದಿಕ್ಕಿಗೆ ಹೋಗಬೇಕೆಂದು ತಿಳಿಯದೆ ಸೀದಾ, ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದ ನಲ್ಲಿ ರಿಪೇರಿಯವನ ಹೆಬ್ಬೆರಳಿಗೆ ಬಡಿಯಿತು. ಅವನು ಕೈ ಕೊಡವುತ್ತಾ ಮೈದಾನ ಬಿಟ್ಟು ನಡೆದೇಬಿಟ್ಟ. ಬದಲಿಗೆ ಇಳಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರ ಕಣ್ಣು ನೀರಿನ ಕ್ಯಾನಿನ ಪಕ್ಕ ಕೂತಿದ್ದ ಉದ್ದಣ್ಣನ ಹೆಂಡತಿಯತ್ತ ಹೊರಳಿತು.

ಮೇಸ್ತ್ರಿ ಅಕ್ಕನ ಬಳಿ ಹೋಗಿ ಗೋಗರೆದ. ಅವಳು ತಮ್ಮನ ಮುಖವನ್ನೂ ನೋಡದೆ ಎದ್ದು, ಗ್ಲೌಸು ಹಾಕಿಕೊಂಡು ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತಳು.

ಅವಳನ್ನು ಕಂಡದ್ದೇ ಉದ್ದಣ್ಣನಿಗೆ ಮೇಸ್ತ್ರಿಯ ಪಾಠವೆಲ್ಲ ಮರೆತುಹೋಯಿತು. ಕಾಲೆತ್ತಿ, ಕೈ ಹಿಂದಕ್ಕೆ ತಂದು, "ಬಂತು" ಎಂದ.

ಎದುರಿಗಿದ್ದ ಪೇಂಟರ್ ಮೈಯೆಲ್ಲ ಶಕ್ತಿ ಹಾಕಿ ಬ್ಯಾಟು ಬೀಸಿದ. ಚೆಂಡು ಮಾತ್ರ ಇನ್ನೂ ಉದ್ದಣ್ಣನ ಕೈಯಲ್ಲೇ ಇತ್ತು. ಬೀಸಿದ ರಭಸಕ್ಕೆ ಪೇಂಟರ್ ಒಂದು ಸುತ್ತು ತಿರುಗಿ ಕೂತುಬಿಟ್ಟ. ಅಂಪೈರ್ ಆಗಿದ್ದ ಗುತ್ತಿಗೆದಾರ, ಚೆಂಡೇ ಬಾರದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದು ಕೈಯಾಡಿಸಿದ. ಮೈದಾನವೆಲ್ಲ ನಗುತ್ತಿತ್ತು. ಉದ್ದಣ್ಣ ಒಂಟಿಕಾಲಿನಲ್ಲೇ ನಿಂತಿದ್ದ.

"ಎಸೀರಿ ಭಾವ!"

"ಅವಳು ಹೂಂ ಅಂದಿಲ್ಲವಲ್ಲೋ."

ಅವಳು ಗ್ಲೌಸಿನ ಮೇಲಿನ ಮಣ್ಣು ಕೊಡವಿದಳು. "ಕೈಲಾಗದವಳ ಹೂಂ ಯಾಕೆ ಬೇಕು?" ಎಂದಳು. ಎಷ್ಟೋ ದಿನಗಳ ನಂತರ ಕೇಳಿದ ದನಿ. ಬೈಗುಳವಾದರೂ ಅವನಿಗೆ ಜೀವ ಬಂದಂತಾಯಿತು.

ಪೇಂಟರ್ ಮೈ ಕೊಡವಿಕೊಂಡು ಎದ್ದು ಮತ್ತೆ ಬ್ಯಾಟು ಎತ್ತಿದ.

"ನಂದು ತಪ್ಪಾಯ್ತು ಕಣೇ," ಎಂದ ಅವನು, ಬೇಲಿಯಾಚೆ ನಿಂತವರಿಗೂ ಕೇಳುವಂತೆ. "ನೀನು ಮೇಲೆ ನಿಂತು ಹಿಡೀತೀಯ ಅಂತಲೇ ನಾನು ಧೈರ್ಯವಾಗಿ ಎಸೀತಿದ್ದೆ. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಬಂತು."

ಪೇಂಟರ್ ಮತ್ತೆ ಬೀಸಿಯೇಬಿಟ್ಟ. ಅವಳು ತಲೆ ಬಗ್ಗಿಸಿ ಗಾಳಿಯಲ್ಲಿ ಹೋದ ಬ್ಯಾಟನ್ನು ತಪ್ಪಿಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಎರಡೂ ಕೈ ಮುಂದೆ ಚಾಚಿದಳು.

"ಹೂಂ," ಎಂದಳು.

ಚೆಂಡು ಮೆತ್ತಗೆ ಬಂದು ಅವಳ ಕೈಯಲ್ಲಿ ಕೂತಿತು.